ಪೂರ್ಣ ಟಿಂಕರಿಂಗ್‌ಗೆ ಮುನ್ನ ಹಳೆಯ ಕಾರಿನ ತುಕ್ಕು: ಯಾವ ತಾತ್ಕಾಲಿಕ ಉಪಾಯ ಎಲ್ಲಿ ಸಲ್ಲುತ್ತದೆ?

ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಹದಿನೈದು, ಇಪ್ಪತ್ತು ವರ್ಷ ಓಡಿದ ಮಾರುತಿ 800, ಓಮ್ನಿ, ಝೆನ್‌ನಂಥ ಕಾರುಗಳನ್ನು ಇಟ್ಟುಕೊಂಡವರ ಸ್ಥಿತಿ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಎಂಜಿನ್ ಚೆನ್ನಾಗಿರುತ್ತದೆ, ಗೇರ್‌ಬಾಕ್ಸ್‌ನಲ್ಲಿ ದೋಷವಿರುವುದಿಲ್ಲ, ಆದರೆ ಬಾಡಿಯನ್ನು ತುಕ್ಕು ತಿನ್ನುತ್ತಿರುತ್ತದೆ. ಪೂರ್ಣ ಟಿಂಕರಿಂಗ್ (ಬಾಡಿಯ ತಗಡಿನ ದುರಸ್ತಿ) ಮತ್ತು ಪೇಂಟಿಂಗ್ ಮಾಡಿಸಬೇಕಾದರೆ ಕೈಯಲ್ಲಿ ಹಣ ಬೇಕು, ಕಾರಿಲ್ಲದೆ ಕೆಲವು ವಾರ ನಡೆಸಬೇಕು, ಜೊತೆಗೆ ಒಣ ಹವೆಯೂ ಬೇಕು. ಈ ಮೂರೂ ಕೂಡಿಬರುವುದು ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ. ತುಕ್ಕು ಕಣ್ಣಿಗೆ ಬೀಳುವುದು ಏಪ್ರಿಲ್ ಅಥವಾ ಮೇ ತಿಂಗಳಲ್ಲಾದರೆ ನಡುವೆ ಒಂದು ಇಡೀ ಮಳೆಗಾಲವನ್ನು ದಾಟಿಸಬೇಕಾಗುತ್ತದೆ. ಆ ಅವಧಿಗೆ ಏನು ಮಾಡಬೇಕೆಂಬುದೇ ಈ ಬರಹದ ವಿಷಯ.

ತಾತ್ಕಾಲಿಕ ಉಪಾಯಗಳು ಅನೇಕ: ಕೆರೆದು ಪ್ರೈಮರ್ ಹಚ್ಚುವುದು, ರಸ್ಟ್ ಕನ್ವರ್ಟರ್ ಬಳಿಯುವುದು, ಎಣ್ಣೆ ಅಥವಾ ವ್ಯಾಕ್ಸ್ ಸಿಂಪಡಿಸುವುದು, ಅಡಿಗೆ ರಬ್ಬರ್ ಕೋಟಿಂಗ್ ಮಾಡಿಸುವುದು, ಪುಟ್ಟಿ ಮೆತ್ತುವುದು, ಸಣ್ಣ ತಗಡಿನ ತುಂಡು ವೆಲ್ಡ್ ಮಾಡಿಸುವುದು. ಇವುಗಳಲ್ಲಿ ಯಾವುದು ಒಳ್ಳೆಯದೆಂದು ಒಂದೇ ಮಾತಿನಲ್ಲಿ ಹೇಳಲಾಗದು, ಏಕೆಂದರೆ ಉತ್ತರವು ತುಕ್ಕು ಕಾರಿನ ಯಾವ ಜಾಗದಲ್ಲಿದೆ ಎಂಬುದನ್ನು ಅವಲಂಬಿಸಿದೆ. ಆದರೆ ಎಲ್ಲ ಜಾಗಕ್ಕೂ ಸಲ್ಲುವ ಒಂದು ಅಳತೆಗೋಲಿದೆ. ಒಳ್ಳೆಯ ತಾತ್ಕಾಲಿಕ ಉಪಾಯವು ನೀರನ್ನೂ ಉಪ್ಪನ್ನೂ ಉಕ್ಕಿನಿಂದ ದೂರ ಇಡಬೇಕು, ತುಕ್ಕಿನ ಬೆಳವಣಿಗೆ ನಮ್ಮ ಕಣ್ಣಿಗೆ ಕಾಣುವಂತೆ ಬಿಡಬೇಕು, ಮುಂದೆ ಪೂರ್ಣ ದುರಸ್ತಿ ಮಾಡುವವರು ಅದನ್ನು ಸುಲಭವಾಗಿ ತೆಗೆಯುವಂತಿರಬೇಕು. ಈ ಮೂರರಲ್ಲಿ ಎರಡನೆಯದನ್ನು ನಾವು ಹೆಚ್ಚಾಗಿ ಮರೆಯುತ್ತೇವೆ, ಮತ್ತು ಹಳೆಯ ಕಾರುಗಳಿಗೆ ಆಗುವ ಹೆಚ್ಚಿನ ಹಾನಿ ಆ ಮರೆವಿನಿಂದಲೇ ಆಗುತ್ತದೆ.

ಮೊದಲು ತುಕ್ಕಿನ ಆಳವನ್ನು ತಿಳಿಯಬೇಕು

ಕರಾವಳಿಯ ತುಕ್ಕಿಗೆ ಮಳೆಯಷ್ಟೇ ಮುಖ್ಯ ಕಾರಣ ಉಪ್ಪು. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅಲೆ ಜೋರಾಗಿರುವ ದಿನ ಅಲ್ಲಿ ಹಾದುಹೋದ ಕಾರಿನ ಗಾಜಿನ ಮೇಲೆ ಉಪ್ಪಿನ ತೆಳು ಪೊರೆ ಕೂರುತ್ತದೆ. ಅದೇ ಪೊರೆ ಕಾರಿನ ಅಡಿಯಲ್ಲೂ ಬಾಗಿಲ ಸಂದಿಗಳಲ್ಲೂ ಕೂತಿರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಪ್ರತಿಶತ ದಾಟಿತೆಂದರೆ ಉಪ್ಪು ತಾನಾಗಿಯೇ ನೀರನ್ನು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿ ಹಗಲೂ ರಾತ್ರಿಯೂ ಈ ಮಟ್ಟವನ್ನು ಮೀರಿರುವುದೇ ಹೆಚ್ಚು. ಆದ್ದರಿಂದ ಶೆಡ್ಡಿನೊಳಗೆ ನಿಂತ, ಒಂದು ಹನಿ ಮಳೆಯೂ ತಾಗದ ಕಾರಿನ ಉಕ್ಕು ಕೂಡ ಉಪ್ಪುನೀರಿನಲ್ಲಿ ನೆನೆದಂತೆಯೇ ಇರುತ್ತದೆ. ಯಾವುದೇ ಉಪಾಯಕ್ಕೆ ಕೈಹಾಕುವ ಮೊದಲು ಅಡಿಭಾಗವನ್ನು, ಚಕ್ರದ ಕಮಾನುಗಳ ಒಳಭಾಗವನ್ನು, ಬಾಗಿಲ ಸಂದಿಗಳನ್ನು ಸಿಹಿನೀರಿನಿಂದ ಧಾರಾಳವಾಗಿ ತೊಳೆದು ಒಂದೆರಡು ದಿನ ಬಿಸಿಲಿನಲ್ಲಿ ಒಣಗಿಸಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಉಪ್ಪನ್ನು ಒಳಗೇ ಉಳಿಸಿ ಮೇಲೆ ಎಷ್ಟು ದುಬಾರಿ ಬಣ್ಣ ಬಳಿದರೂ ತುಕ್ಕು ಅದರಡಿಯಲ್ಲಿ ಮುಂದುವರಿಯುತ್ತದೆ.

ತೊಳೆದ ಮೇಲೆ ಪರೀಕ್ಷೆ. ಸ್ಕ್ರೂಡ್ರೈವರಿನ ಹಿಡಿಯಿಂದ ಅನುಮಾನದ ಜಾಗವನ್ನು ಬಡಿದು ನೋಡಬೇಕು. ಗಟ್ಟಿ ತಗಡು ಕಣಕಣ ಎನ್ನುತ್ತದೆ, ಒಳಗೆ ಪದರು ಬಿಟ್ಟ ತಗಡಿನಿಂದ ಸತ್ತ ಸದ್ದು ಬರುತ್ತದೆ. ನಂತರ ಸ್ಕ್ರೂಡ್ರೈವರಿನ ತುದಿಯನ್ನು ಹೆಬ್ಬೆರಳ ಬಲದಿಂದ ಒತ್ತಬೇಕು. ರನ್ನಿಂಗ್ ಬೋರ್ಡಿನ, ಅಂದರೆ ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾದುಹೋಗುವ ಟೊಳ್ಳು ಭಾಗದ, ಕೆಳ ಅಂಚಿನಲ್ಲಿ ಹೀಗೆ ಒತ್ತಿದಾಗ ಹೊರಗಿನ ಬಣ್ಣ ಸ್ವಲ್ಪವೂ ಬಿರಿಯದೆ ಒಳಕ್ಕೆ ತಗ್ಗಿ, ತುದಿ ಹಾಗೇ ಇಳಿದುಹೋಗಿ, ಹಿಂದಕ್ಕೆ ಎಳೆದಾಗ ತೂತಿನಿಂದ ಕಂದು ಪುಡಿ ಜಿನುಗಿದರೆ ಅಲ್ಲಿ ಉಳಿದಿರುವುದು ಬಣ್ಣ ಮಾತ್ರ. ಕಾರಿನ ಹೊರ ತಗಡು ಸಾಮಾನ್ಯವಾಗಿ 0.7–0.8 ಮಿ.ಮೀ. ದಪ್ಪವಿರುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುವುದರಿಂದ ಬಣ್ಣ ಗುಳ್ಳೆಯೇಳುತ್ತದೆ. ಗುಳ್ಳೆ ಹೊರಗೆ ಕಾಣುವ ಹೊತ್ತಿಗೆ ಒಳಗಿನಿಂದ ತಗಡು ಬಹಳಷ್ಟು ಸವೆದಿರುವುದುಂಟು. ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡವರು ತೆಳು ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತವನ್ನು ಫೆಂಡರಿನ ಮೇಲೆ ಆಡಿಸಿ ನೋಡಲಿ. ಅದು ಹಿಡಿಯದ ಕಡೆ ಹಿಂದಿನವರ ಪುಟ್ಟಿ ಇದೆ.

ಈ ಪರೀಕ್ಷೆಯ ಬಳಿಕ ಜಾಗಗಳನ್ನು ಎರಡು ಗುಂಪಾಗಿ ನೋಡಬೇಕು. ಫೆಂಡರ್, ಬಾಗಿಲಿನ ಹೊರ ತಗಡು, ಬಾನೆಟ್, ಡಿಕ್ಕಿಯ ಮುಚ್ಚಳ ಇವೆಲ್ಲ ಹೊದಿಕೆ. ತೂತಾದರೂ ಕಾರಿನ ಬಲ ಹೆಚ್ಚು ಕುಗ್ಗುವುದಿಲ್ಲ. ರನ್ನಿಂಗ್ ಬೋರ್ಡ್, ಜ್ಯಾಕ್ ಹಾಕುವ ಜಾಗ, ಮುಂದಿನ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿ) ಕೂರುವ ಗೋಪುರ, ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋಯರ್ ಆರ್ಮ್ ಮತ್ತು ಹಿಂದಿನ ಸಸ್ಪೆನ್ಶನ್ ಹಿಡಿದಿರುವ ಜಾಗ, ಸೀಟ್ ಬೆಲ್ಟಿನ ಬೋಲ್ಟ್ ಕೂರುವ ನೆಲ ಇವು ಭಾರ ಹೊರುವ ಭಾಗಗಳು. ಜೀಪಿನಂಥ ಗಾಡಿಗೆ ಪ್ರತ್ಯೇಕ ಚಾಸಿ ಇರುತ್ತದೆ, ಆದರೆ 800 ಅಥವಾ ಝೆನ್‌ನಂಥ ಕಾರಿನಲ್ಲಿ ಬಾಡಿಯೇ ಚಾಸಿ. ಆದ್ದರಿಂದ ಎರಡನೆಯ ಗುಂಪಿನಲ್ಲಿ ಸ್ಕ್ರೂಡ್ರೈವರ್ ಒಳಗೆ ಇಳಿದರೆ ಮುಂದಿನ ಹೋಲಿಕೆಗಳು ಯಾವುವೂ ಅನ್ವಯಿಸುವುದಿಲ್ಲ. ಅಲ್ಲಿ ಮಳೆಗಾಲ ಕಳೆಯಲಿ ಎಂದು ಕಾಯದೆ ಆ ಭಾಗವನ್ನಷ್ಟೇ ಈಗಲೇ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು, ಅಥವಾ ಕಾರನ್ನು ನಿಲ್ಲಿಸಬೇಕು.

ಕೆರೆದು ಪ್ರೈಮರ್ ಹಚ್ಚುವುದು

ಹೊರಗೆ ಕಾಣುವ, ಕೈಗೆ ಸಿಗುವ, ಇನ್ನೂ ತೂತಾಗದ ತುಕ್ಕಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಬಾನೆಟ್ಟಿನ ಅಂಚಿನಲ್ಲಿ ಕಲ್ಲು ಸಿಡಿದ ಗುರುತು, ಚಕ್ರದ ಕಮಾನಿನ ತುಟಿ, ಮುಂದಿನ ಗಾಜಿನ ಬೀಡಿಂಗ್ ಕೆಳಗಿನ ಚೌಕಟ್ಟು ಇದಕ್ಕೆ ತಕ್ಕ ಜಾಗಗಳು. 80ನೇ ನಂಬರಿನ ಎಮರಿಯಿಂದ ಬೆಳ್ಳನೆಯ ಉಕ್ಕು ಕಾಣುವವರೆಗೆ ಉಜ್ಜಿ, 180 ಮತ್ತು 320ರಿಂದ ಸುತ್ತಲಿನ ಬಣ್ಣದ ಅಂಚನ್ನು ಇಳಿಜಾರು ಮಾಡಿ, ತಿನ್ನರಿನಿಂದ ಒರೆಸಿ, ಅಂದೇ ಪ್ರೈಮರ್ ಹಚ್ಚಬೇಕು. ಕರಾವಳಿಯಲ್ಲಿ ಬೆತ್ತಲೆ ಉಕ್ಕನ್ನು ಒಂದು ರಾತ್ರಿ ಬಿಟ್ಟರೂ ಅದರ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಡ್ರಿಲ್ಲಿಗೆ ಸಿಕ್ಕಿಸುವ ವೈರ್ ಬ್ರಷ್ ಬೇಗ ಕೆಲಸ ಮುಗಿಸುತ್ತದೆಂದು ಅನೇಕರು ಅದನ್ನೇ ನೆಚ್ಚುತ್ತಾರೆ. ಆದರೆ ತಗಡಿನಲ್ಲಿ ತುಕ್ಕು ಕೊರೆದ ಸಣ್ಣ ಗುಳಿಗಳಿದ್ದರೆ ಬ್ರಷ್ ಆ ಗುಳಿಯೊಳಗಿನ ತುಕ್ಕನ್ನು ತೆಗೆಯದೆ ಪಾಲಿಶ್ ಮಾಡಿಬಿಡುತ್ತದೆ. ದೂರದಿಂದ ಅದು ಲೋಹದಂತೆ ಹೊಳೆಯುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಗುಳಿಯ ತಳದಲ್ಲಿ ಕಪ್ಪು ಕಂದು ಚುಕ್ಕೆಗಳು ಉಳಿದಿರುವುದು ಕಾಣುತ್ತದೆ. ಅವನ್ನು ಮೊನೆಯ ಉಪಕರಣದಿಂದ ಕೆದಕಬೇಕು, ಇಲ್ಲವೇ ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಹಚ್ಚಿ, ಬಾಟಲಿಯ ಮೇಲೆ ಬರೆದಂತೆ ತೊಳೆದು ಒಣಗಿಸಬೇಕು. ಶೌಚಾಲಯ ತೊಳೆಯುವ ಆಸಿಡ್ಡನ್ನು ಇದಕ್ಕೆ ಖಂಡಿತ ಬಳಸಬಾರದು. ಅದರಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕನ್ನು ಕ್ಷಣದಲ್ಲಿ ಕರಗಿಸುತ್ತದೆ ನಿಜ, ಆದರೆ ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡನ್ನೇ ಗುಳಿಗಳಲ್ಲಿ ಉಳಿಸಿಹೋಗುತ್ತದೆ.

ಪ್ರೈಮರ್‌ಗಳಲ್ಲಿ ಅಂಗಡಿಯವರು ಮೊದಲು ಕೊಡುವುದು ಕೆಂಪು ರೆಡ್ ಆಕ್ಸೈಡ್. ಬೆಲೆ ಕಡಿಮೆ, ಹಚ್ಚುವುದು ಸುಲಭ. ಆದರೆ ಅದು ತೇವವನ್ನು ನಿಧಾನವಾಗಿ ಒಳಕ್ಕೆ ಬಿಡುತ್ತದೆ. ಮೇಲೆ ಎನಾಮೆಲ್ ಅಥವಾ ಟಚ್‌ಅಪ್ ಬಣ್ಣ ಹಚ್ಚದೆ ಬರೀ ರೆಡ್ ಆಕ್ಸೈಡಿನ ಭರವಸೆಯಲ್ಲಿ ಜೂನ್‌ಗೆ ಕಾಲಿಟ್ಟರೆ ಸೆಪ್ಟೆಂಬರಿನಲ್ಲಿ ಅದರಡಿಯಲ್ಲಿ ಮತ್ತೆ ತುಕ್ಕು ಕಾಣುವ ಸಾಧ್ಯತೆಯೇ ಹೆಚ್ಚು. ಹಾರ್ಡ್‌ನರ್ ಬೆರೆಸಿ ಹಚ್ಚುವ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ತೇವವನ್ನು ಬಹಳ ಚೆನ್ನಾಗಿ ತಡೆಯುತ್ತದೆ, ಮುಂದಿನ ಪೂರ್ಣ ಪೇಂಟಿಂಗಿಗೂ ಅದೇ ಬುನಾದಿಯಾಗಿ ಉಳಿಯಬಹುದು. ಬಿಸಿಲಿಗೆ ಮಾತ್ರ ಪುಡಿಪುಡಿಯಾಗುವುದರಿಂದ ಅದಕ್ಕೂ ಮೇಲ್ಬಣ್ಣ ಬೇಕು. ಎರಡರಲ್ಲಿ ಆರಿಸಬೇಕಾದರೆ ಕರಾವಳಿಯವರು ಎಪಾಕ್ಸಿಗೇ ಹಣ ಹಾಕಲಿ; ಬಳಸುವ ಪ್ರಮಾಣ ಕಡಿಮೆಯಾದ್ದರಿಂದ ಬೆಲೆಯ ವ್ಯತ್ಯಾಸ ಹೊರೆಯಾಗದು. ಬಯಲುಸೀಮೆಯ ಒಣ ಊರುಗಳಲ್ಲಿ ರೆಡ್ ಆಕ್ಸೈಡ್ ಮತ್ತು ಎನಾಮೆಲ್ ಸಾಕಾಗುತ್ತದೆ. ಸತುವಿನ ಸ್ಪ್ರೇ ಪ್ರೈಮರ್ ಅಚ್ಚುಕಟ್ಟಾಗಿ ಬಿಳಿಮಾಡಿದ ಉಕ್ಕಿನ ಮೇಲೆ ಮಾತ್ರ ಉಪಯುಕ್ತ, ಏಕೆಂದರೆ ಸತು ಉಕ್ಕಿಗೆ ನೇರವಾಗಿ ತಾಗಿದ್ದರೆ ಮಾತ್ರ ಉಕ್ಕಿನ ಬದಲು ತಾನು ಸವೆಯುತ್ತದೆ. ಉಜ್ಜುವಾಗ ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲೇಬೇಕು. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆಯುಂಟು.

ರಸ್ಟ್ ಕನ್ವರ್ಟರ್

ಪೂರ್ತಿ ಕೆರೆಯಲಾಗದ, ಆದರೆ ಬ್ರಷ್ ತಲಪುವ ಜಾಗಗಳಿಗೆ ಇದು ಎರಡನೆಯ ಆಯ್ಕೆ. ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಕಾರ್ಪೆಟ್ ಅಡಿಯ ನೆಲ ಇಂಥವು. ಕನ್ವರ್ಟರುಗಳಲ್ಲಿ ಹೆಚ್ಚಿನವು ಟ್ಯಾನಿಕ್ ಆಮ್ಲ ಮತ್ತು ಒಂದು ಬಗೆಯ ಪಾಲಿಮರ್ ಸೇರಿದ ದ್ರವ. ಟ್ಯಾನಿಕ್ ಆಮ್ಲ ತುಕ್ಕಿನೊಡನೆ ಕೂಡಿ ಕಪ್ಪು ನೀಲಿ ಬಣ್ಣದ ಸ್ಥಿರ ಸಂಯುಕ್ತವಾಗುತ್ತದೆ, ಪಾಲಿಮರ್ ಅದರ ಮೇಲೆ ಪೊರೆ ಕಟ್ಟುತ್ತದೆ. ಈ ಕ್ರಿಯೆಗೆ ತುಕ್ಕು ಬೇಕು. ಹೊಳೆಯುವ ಉಕ್ಕಿನ ಮೇಲೆ ಹಚ್ಚಿದರೆ ಪ್ರಯೋಜನವಿಲ್ಲ. ಸಡಿಲವಾದ ಹಕ್ಕಳೆಗಳ ಮೇಲೆ ಹಚ್ಚಿದರೂ ಪ್ರಯೋಜನವಿಲ್ಲ, ಏಕೆಂದರೆ ದ್ರವ ಮೇಲಿನ ಪದರವನ್ನು ಮಾತ್ರ ಕಪ್ಪಾಗಿಸುತ್ತದೆ, ಕೆಳಗಿನ ತುಕ್ಕು ಮುಟ್ಟದೆ ಉಳಿಯುತ್ತದೆ. ಹಕ್ಕಳೆ ಉದುರಿಸಿ, ಉಪ್ಪು ತೊಳೆದು, ಒಣಗಿಸಿ, ತೆಳುವಾಗಿ ಎರಡು ಸಲ ಹಚ್ಚಿ, ಒಂದು ದಿನ ಬಿಟ್ಟು ಮೇಲೆ ಬಣ್ಣ ಕೊಟ್ಟರೆ ಇದು ಒಂದು ಮಳೆಗಾಲವನ್ನು ದಾಟಿಸುತ್ತದೆ. ಜಾಹೀರಾತು ಹೇಳುವಂತೆ ತುಕ್ಕನ್ನು ಶಾಶ್ವತವಾಗಿ ನಿಲ್ಲಿಸುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಪೂರ್ಣ ಪೇಂಟಿಂಗ್ ಸಮಯದಲ್ಲಿ ಈ ಕಪ್ಪು ಪೊರೆಯನ್ನು ಉಜ್ಜಿ ತೆಗೆದು ಹೊಸದಾಗಿ ಪ್ರೈಮರ್ ಹಚ್ಚಿಸುವುದೇ ಸರಿ.

ನೆಲಕ್ಕೆ ಕನ್ವರ್ಟರ್ ಹಚ್ಚುವ ಮೊದಲು ಕಾರ್ಪೆಟ್ಟನ್ನು ಪೂರ್ತಿ ಎತ್ತಬೇಕು. ಚಾಲಕನ ಪಾದದ ಕೆಳಗಿನ ಕಾರ್ಪೆಟ್ ಮೇಲೆ ಮುಟ್ಟಿದರೆ ಒಣಗಿದಂತಿರುತ್ತದೆ, ಆದರೆ ಅದರಡಿಯ ದಪ್ಪ ಫೆಲ್ಟನ್ನು ಹಿಂಡಿದರೆ ಬೆರಳುಗಳ ನಡುವೆ ನೀರು ಇಳಿಯುತ್ತದೆ. ಆ ಫೆಲ್ಟನ್ನು ಮಳೆಗಾಲ ಮುಗಿಯುವವರೆಗೆ ಹೊರಗೇ ಇಡುವುದು ಒಳ್ಳೆಯದು. ಶಬ್ದ ಸ್ವಲ್ಪ ಹೆಚ್ಚಬಹುದು, ನೆಲ ಉಳಿಯುತ್ತದೆ. ಮ್ಯಾಟಿನ ಕೆಳಗೆ ಪತ್ರಿಕೆ ಹಾಸುವವರು ಅದನ್ನು ಪ್ರತಿದಿನ ಬದಲಿಸಬೇಕು, ಇಲ್ಲವಾದರೆ ಒದ್ದೆ ಕಾಗದವೇ ತಗಡಿಗೆ ಅಂಟಿಕೊಂಡು ಕೂರುತ್ತದೆ.

ಎಣ್ಣೆ ಮತ್ತು ವ್ಯಾಕ್ಸ್

ರನ್ನಿಂಗ್ ಬೋರ್ಡಿನ ಒಳಗಿನ ಟೊಳ್ಳು, ಬಾಗಿಲಿನ ತಳ, ಎರಡು ತಗಡುಗಳನ್ನು ಸ್ಪಾಟ್ ವೆಲ್ಡ್ ಮಾಡಿದ ಸಂದಿ ಇಂಥ ಕಡೆ ಎಮರಿಯೂ ಹೋಗದು, ಬ್ರಷ್ಷೂ ಹೋಗದು. ಕಾರಿನ ಅತಿ ಕೆಟ್ಟ ತುಕ್ಕು ಹುಟ್ಟುವುದು ಇಲ್ಲೇ, ಒಳಗಿನಿಂದ ಹೊರಕ್ಕೆ. ಇಲ್ಲಿ ನೆರವಾಗುವುದು ಸಂದಿಗೆ ತಾನಾಗಿ ನುಸುಳುವ ತೆಳು ಎಣ್ಣೆ, ಅಥವಾ ದ್ರವವಾಗಿ ಸಿಂಪಡಿಸಿದ ಮೇಲೆ ಮೆತ್ತಗೆ ಗಟ್ಟಿಯಾಗುವ ಕ್ಯಾವಿಟಿ ವ್ಯಾಕ್ಸ್. ಉದ್ದ ನಳಿಕೆಯ ಡಬ್ಬಿಯಿಂದ ರನ್ನಿಂಗ್ ಬೋರ್ಡಿನ ರಬ್ಬರ್ ಬಿರಡೆಗಳನ್ನು ತೆಗೆದು ಒಳಕ್ಕೆ ಸಿಂಪಡಿಸಬಹುದು. ನೋಡಲು ಚೆಂದವಿಲ್ಲ, ಧೂಳು ಅಂಟುತ್ತದೆ, ಬಿಸಿಲಿಗೆ ಕೆಲವು ದಿನ ತೊಟ್ಟಿಕ್ಕುತ್ತದೆ. ಆದರೂ ತಾತ್ಕಾಲಿಕ ಉಪಾಯಗಳಲ್ಲಿ ನನ್ನ ಮೊದಲ ಆಯ್ಕೆ ಇದೇ. ಬಣ್ಣ ಬಿರಿದರೆ ಅದರಡಿಗೆ ನೀರು ಸೇರಿ ಅಲ್ಲೇ ನಿಲ್ಲುತ್ತದೆ. ಎಣ್ಣೆ ಬಿರಿಯುವುದಿಲ್ಲ, ಗೀರು ಬಿದ್ದರೂ ಹರಿದು ಮತ್ತೆ ಮುಚ್ಚಿಕೊಳ್ಳುತ್ತದೆ, ಬೇಡವಾದಾಗ ಒರೆಸಿ ತೆಗೆಯಲೂಬಹುದು. ಪ್ರತಿ ಮಳೆಗಾಲಕ್ಕೆ ಮುನ್ನ ಮತ್ತೆ ಹಚ್ಚಬೇಕೆಂಬುದೊಂದೇ ಅದರ ಕೊರತೆ.

ಸಿಂಪಡಿಸುವ ಮೊದಲು ನೀರು ಇಳಿದುಹೋಗುವ ತೂತುಗಳನ್ನು ಬಿಡಿಸಬೇಕು. ಪ್ರತಿ ಬಾಗಿಲಿನ ಕೆಳ ಅಂಚಿನಲ್ಲೂ ರನ್ನಿಂಗ್ ಬೋರ್ಡಿನಲ್ಲೂ ಇಂಥ ಸಣ್ಣ ತೂತುಗಳಿರುತ್ತವೆ. ಮಣ್ಣು ಮತ್ತು ಎಲೆಚೂರು ಸೇರಿ ಅವು ಮುಚ್ಚಿದಾಗ ಬಾಗಿಲಿನೊಳಗೆ ನೀರು ನಿಂತು, ಬ್ರೇಕ್ ಹಾಕಿದಾಗ ಕುಲುಕುವ ಸದ್ದು ಕೇಳುತ್ತದೆ. ಹಿಡಿಸೂಡಿಯ ಒಂದು ಕಡ್ಡಿ ಸಾಕು, ತೂತು ಬಿಡಿಸಲು. ಒಂದು ಪೈಸೆ ಖರ್ಚಿಲ್ಲದ ಈ ಕೆಲಸದಿಂದ ಆಗುವಷ್ಟು ಉಪಕಾರ ದುಬಾರಿ ಕೋಟಿಂಗ್‌ನಿಂದಲೂ ಆಗುವುದಿಲ್ಲವೆಂದು ನಂಬಿದ್ದೇನೆ.

ಮಳೆಗಾಲಕ್ಕೆ ಮುಂಚೆ ಕಾರಿನ ಅಡಿಗೆ ಡೀಸೆಲ್ ಅಥವಾ ಬಳಸಿದ ಎಂಜಿನ್ ಆಯಿಲ್ ಹೊಡೆಸುವ ರೂಢಿ ನಮ್ಮಲ್ಲಿ ಹಿಂದಿನಿಂದ ಇದೆ. ಡೀಸೆಲ್ ಕೆಲವೇ ದಿನಗಳಲ್ಲಿ ತೊಳೆದುಹೋಗುತ್ತದೆ, ಎರಡೂ ಸಸ್ಪೆನ್ಶನ್ನಿನ ರಬ್ಬರ್ ಬುಷ್‌ಗಳನ್ನು ಹಾಳುಮಾಡುತ್ತವೆ. ಬಳಸಿದ ಆಯಿಲ್‌ನಲ್ಲಿ ಎಂಜಿನ್ನಿನ ಆಮ್ಲೀಯ ಉಳಿಕೆಗಳೂ ಲೋಹದ ಕಣಗಳೂ ಇರುತ್ತವೆ, ಅದು ಅಂಗಳದ ಮಣ್ಣಿಗೂ ಬಾವಿಗೂ ಇಳಿಯುತ್ತದೆ. ವ್ಯಾಕ್ಸಿಗೆ ಹಣವಿಲ್ಲದಿದ್ದರೆ ಚಕ್ರದ ಕಮಾನಿನ ಒಳ ಅಂಚಿಗೆ ಹೊಸ ಗ್ರೀಸನ್ನು ತೆಳುವಾಗಿ ಸವರುವುದು ಅದಕ್ಕಿಂತ ಎಷ್ಟೋ ಮೇಲು. ಏನೇ ಆದರೂ ಬ್ರೇಕ್ ಡಿಸ್ಕ್, ಡ್ರಮ್ ಮತ್ತು ಸೈಲೆನ್ಸರ್ ಪೈಪಿಗೆ ಎಣ್ಣೆ ತಾಗಕೂಡದು.

ರಬ್ಬರ್ ಕೋಟಿಂಗ್ ಮತ್ತು ಪುಟ್ಟಿ

ಅಡಿಗೆ ಹೊಡೆಯುವ ಕಪ್ಪು ರಬ್ಬರ್ ಅಥವಾ ಡಾಂಬರಿನ ಕೋಟಿಂಗ್ ಹೊಸ ಕಾರಿಗೆ ಒಳ್ಳೆಯದು, ತುಕ್ಕು ಹಿಡಿದ ಕಾರಿಗೆ ಕೆಟ್ಟದ್ದು. ಕಲ್ಲಿನ ಏಟಿನಿಂದ ಕಾಪಾಡುವುದು ಅದರ ಕೆಲಸ. ಈಗಾಗಲೇ ತುಕ್ಕಿರುವ ತಗಡಿನ ಮೇಲೆ ಅದನ್ನು ಹೊಡೆದರೆ ಒಳಗಿನ ತೇವಕ್ಕೆ ಹೊರಹೋಗಲು ದಾರಿಯಿಲ್ಲ, ಅಂಚು ಬಿಟ್ಟ ಕಡೆಯಿಂದ ಹೊಸ ನೀರು ಒಳಸೇರಲು ದಾರಿಯುಂಟು. ಹೊರಗಿನಿಂದ ನೋಡಿದರೆ ಕಾರಿನ ಅಡಿ ಹೊಸದರಂತೆ ಕಪ್ಪಗೆ ಕಾಣುತ್ತದೆ. ಎರಡು ವರ್ಷದ ಬಳಿಕ ಉಗುರಿನಿಂದ ಎಬ್ಬಿಸಿದರೆ ಕೋಟಿಂಗ್ ಹಾಳೆಯಾಗಿ ಬರುತ್ತದೆ, ಅದರ ಹಿಂಬದಿಗೆ ತಗಡೇ ಪುಡಿಯಾಗಿ ಅಂಟಿಕೊಂಡಿರುತ್ತದೆ. ಕೊಡುವ ಹಣಕ್ಕೂ ಪಡೆಯುವ ನಷ್ಟಕ್ಕೂ ಇಷ್ಟು ಅಂತರವಿರುವ ಆಯ್ಕೆ ಈ ಪಟ್ಟಿಯಲ್ಲಿ ಮತ್ತೊಂದಿಲ್ಲ. ಪೂರ್ಣ ದುರಸ್ತಿಯಾಗಿ, ಎಪಾಕ್ಸಿ ಹಚ್ಚಿ, ಒಣಗಿದ ಮೇಲೆ ಇದನ್ನು ಮಾಡಿಸಬಹುದು.

ಪುಟ್ಟಿಯ ವಿಷಯವೂ ಅಷ್ಟೇ. ಪಾಲಿಯೆಸ್ಟರ್ ಪುಟ್ಟಿ ನೀರನ್ನು ಹೀರುತ್ತದೆ. ತುಕ್ಕಿನ ಗುಳ್ಳೆ ಒಡೆದು ನೇರವಾಗಿ ಪುಟ್ಟಿ ತುಂಬಿಸಿ ಬಣ್ಣ ಹೊಡೆದ ಕಾರು ಒಂದು ಬೇಸಿಗೆಗೆ ಹೊಳೆಯುತ್ತದೆ, ಮಳೆ ಹಿಡಿದಾಗ ಅದೇ ಜಾಗದಲ್ಲಿ ಮೊದಲಿಗಿಂತ ದೊಡ್ಡ ಗುಳ್ಳೆ ಏಳುತ್ತದೆ. ಮಾರಾಟಕ್ಕೆ ಸಿದ್ಧಪಡಿಸಿದ ಕಾರುಗಳಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೇವೆ. ಹೊದಿಕೆ ತಗಡಿನಲ್ಲಿ ತೂತಾಗಿ, ನೀರು ಒಳಬರುವುದನ್ನು ತಡೆಯಲೇಬೇಕಾದರೆ, ಸುತ್ತ ಕೆರೆದು ಎಪಾಕ್ಸಿ ಹಚ್ಚಿ ಮೇಲೆ ಅಲ್ಯೂಮಿನಿಯಂ ಹಾಳೆಯಿರುವ ಬ್ಯುಟೈಲ್ ಟೇಪ್ (ಮೆತ್ತನೆಯ ರಬ್ಬರಿನ ಅಂಟುಪಟ್ಟಿ) ಅಂಟಿಸುವುದು ವಾಸಿ. ನೋಟಕ್ಕೆ ತೇಪೆಯಾದರೂ ಅದು ತೇಪೆಯೆಂದು ಎಲ್ಲರಿಗೂ ಕಾಣುತ್ತದೆ, ಕಿತ್ತು ಒಳಗೆ ನೋಡಲೂ ಬರುತ್ತದೆ. ಎಂ-ಸೀಲ್ ಸಣ್ಣ ತೂತಿಗೆ ಆಗಬಹುದು, ಅಗಲವಾದ ಜಾಗದಲ್ಲಿ ತಗಡು ಅದುರುವಾಗ ಬಿರುಕು ಬಿಡುತ್ತದೆ.

ಸಣ್ಣ ವೆಲ್ಡಿಂಗ್ ಈಗ, ಉಳಿದದ್ದು ಆಮೇಲೆ

ಭಾರ ಹೊರುವ ಭಾಗಕ್ಕೆ ಬೇರೆ ದಾರಿಯಿಲ್ಲವೆಂದು ಮೇಲೆ ಹೇಳಿದೆ. ಹಾಗೆ ಮಾಡಿಸುವಾಗ ತುಕ್ಕಿನ ಮೇಲೆಯೇ ಹೊಸ ತಗಡು ಹೊದಿಸಿ ವೆಲ್ಡ್ ಮಾಡಲು ಬಿಡಬಾರದು; ಗಟ್ಟಿ ಉಕ್ಕು ಸಿಗುವವರೆಗೆ ಹಳೆಯದನ್ನು ಕತ್ತರಿಸಿ ತೆಗೆಯಲೇಬೇಕು. ಗ್ಯಾಸ್ ವೆಲ್ಡಿಂಗ್ ತೆಳು ತಗಡನ್ನು ಅಗಲವಾಗಿ ಕಾಯಿಸಿ ಡೊಂಕು ಮಾಡುತ್ತದೆ, ಹಿಂಬದಿಯ ಬಣ್ಣವನ್ನು ದೂರದವರೆಗೆ ಸುಡುತ್ತದೆ. ಸಿಒ2 ವೆಲ್ಡಿಂಗ್ (ಇಂಗಾಲದ ಡೈಆಕ್ಸೈಡ್ ಅನಿಲದ ರಕ್ಷಣೆಯಲ್ಲಿ ವಿದ್ಯುತ್ತಿನಿಂದ ಮಾಡುವ ಬೆಸುಗೆ) ಇರುವ ಗ್ಯಾರೇಜಾದರೆ ಹಾನಿ ಕಡಿಮೆ. ಎರಡರಲ್ಲೂ ಸುಟ್ಟ ಹಿಂಬದಿಗೆ ತಣ್ಣಗಾದ ಮೇಲೆ ವ್ಯಾಕ್ಸ್ ಸಿಂಪಡಿಸದಿದ್ದರೆ ಹೊಸ ತುಕ್ಕು ಆ ಬೆಸುಗೆಯ ಗೆರೆಯಿಂದಲೇ ಶುರುವಾಗುತ್ತದೆ.

ಆರ್‌ಸಿಯ 15 ವರ್ಷ ಮುಗಿಯುವ ಕಾಲ ಹತ್ತಿರವಿದ್ದರೆ ಲೆಕ್ಕಾಚಾರ ಸ್ವಲ್ಪ ಬದಲಾಗುತ್ತದೆ. ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ಒಡ್ಡಬೇಕು, ಮತ್ತು 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಮುಂದಿನ ಐದು ವರ್ಷ ಈ ಕಾರನ್ನು ಇಟ್ಟುಕೊಳ್ಳುವೆವೇ ಎಂಬುದನ್ನು ಮೊದಲು ನಿರ್ಧರಿಸಿ, ಹೌದಾದರೆ ಪೂರ್ಣ ಟಿಂಕರಿಂಗನ್ನು ತಪಾಸಣೆಗೆ ಹಿಂದಿನ ಒಣ ತಿಂಗಳುಗಳಿಗೆ ಹೊಂದಿಸಿಕೊಳ್ಳುವುದು ಲೇಸು. ಇಲ್ಲವಾದರೆ ತೊಳೆಯುವುದು, ತೂತು ಬಿಡಿಸುವುದು, ಎಣ್ಣೆ ಹಾಕುವುದು ಇಷ್ಟರಲ್ಲೇ ನಿಲ್ಲಿಸಬಹುದು.

ಮಳೆಗಾಲದಲ್ಲಿ ಕಾರನ್ನು ನಿಲ್ಲಿಸುವ ಜಾಗವೂ ಮುಖ್ಯ. ನಾಲ್ಕೂ ಕಡೆ ಗಾಳಿಯಾಡುವ ಮಾಡಿನ ಕೆಳಗೆ ನಿಂತ ಕಾರು ಬಾಗಿಲು ಮುಚ್ಚಿದ ಗ್ಯಾರೇಜಿನ ಕಾರಿಗಿಂತ ಬೇಗ ಒಣಗುತ್ತದೆ. ಒದ್ದೆ ಕಾರಿಗೆ ಪ್ಲಾಸ್ಟಿಕ್ ಕವರ್ ಹೊದಿಸುವುದಕ್ಕಿಂತ ಹಾಗೇ ಬಿಡುವುದು ಉತ್ತಮ.

ಕೊನೆಗೆ ಡಿಸೆಂಬರಿನಲ್ಲಿ ಕಾರನ್ನು ಟಿಂಕರ್ ಕೆಲಸದವರಿಗೆ ಒಪ್ಪಿಸುವಾಗ ಎಲ್ಲೆಲ್ಲಿ ಎಣ್ಣೆ, ವ್ಯಾಕ್ಸ್, ಸತುವಿನ ಪ್ರೈಮರ್, ಕನ್ವರ್ಟರ್ ಬಳಸಿದ್ದೀರೆಂದು ಒಂದು ಹಾಳೆಯಲ್ಲಿ ಬರೆದು, ಮೊಬೈಲಿನಲ್ಲಿ ತೆಗೆದ ಹಿಂದಿನ ಚಿತ್ರಗಳೊಡನೆ ಕೊಡಬೇಕು. ರನ್ನಿಂಗ್ ಬೋರ್ಡಿನೊಳಗಿನ ವ್ಯಾಕ್ಸ್ ವೆಲ್ಡಿಂಗ್ ಕಿಡಿಗೆ ಹೊತ್ತಿಕೊಳ್ಳುತ್ತದೆ, ಕಾದ ಸತುವಿನ ಹೊಗೆ ಕೆಲಸ ಮಾಡುವವರಿಗೆ ಜ್ವರ ತರಿಸುತ್ತದೆ. ವೆಲ್ಡಿಂಗ್ ನಡೆಯುವ ಜಾಗದ ಸುತ್ತ ಇವನ್ನು ತೆಗೆದು, ಬ್ಯಾಟರಿಯ ತಂತಿ ಬಿಚ್ಚಿ, ಹಿಂಭಾಗದ ಕೆಲಸವಾದರೆ ಪೆಟ್ರೋಲ್ ಟ್ಯಾಂಕನ್ನೂ ಇಳಿಸಿದ ಮೇಲೆಯೇ ಟಾರ್ಚ್ ಹಚ್ಚುವಂತೆ ಮುಂಚಿತವಾಗಿ ಮಾತಾಡಿಕೊಳ್ಳಿ.